ಒಣ ತೂಕ

ಬಚ್ಚಲಿನ ನಲ್ಲಿಯನ್ನು ಸದ್ದು ಮಾಡದಷ್ಟೇ ತಿರುಗಿಸಿ, ಬೊಗಸೆಯೊಡ್ಡಿ, ಅವನು ನೀರು ಕುಡಿಯುತ್ತಿದ್ದ. ತನ್ನದೇ ಮನೆ, ತನ್ನದೇ ಬಾಯಾರಿಕೆ. ಆದರೂ ಜೀವವೆಲ್ಲ ಬಾಗಿಲಿನಾಚೆಯ ಸದ್ದಿನ ಮೇಲೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ, ಇವನು ಕಿವಿ ತೆರೆದುಕೊಂಡು ಕುಡಿಯುತ್ತಿದ್ದ, ಅಷ್ಟೇ ವ್ಯತ್ಯಾಸ. ಆಚೆ ಕೋಣೆಯಲ್ಲಿ ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ನಿಂತಿತು, ಅವನು ಗುಟುಕನ್ನು ಬಾಯಲ್ಲೇ ಹಿಡಿದು ನಿಂತ. ಬಾಚಣಿಗೆ ಮತ್ತೆ ಓಡಿತು, ನುಂಗಿದ. ಅವಳ ಮೂತ್ರಪಿಂಡಗಳು ಕೈಕೊಟ್ಟ ಮೇಲೆ, ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರ ಅವಳ ರಕ್ತ ತೊಳೆಯತೊಡಗಿದ ಮೇಲೆ, ಅವಳೆದುರು ಒಂದು ಲೋಟ ನೀರು ಎತ್ತಿ ಕುಡಿಯುವುದು ಅವನಿಂದಾಗುತ್ತಿರಲಿಲ್ಲ. ಅವಳು ಕುಡಿದ ನೀರು ಹೊರಗೆ ಹೋಗುವ ದಾರಿಯಿಲ್ಲದೆ ಮೈಯಲ್ಲೇ ನಿಲ್ಲುತ್ತದೆ, ಕಾಲಿಗೆ ಇಳಿಯುತ್ತದೆ, ಎದೆಗೆ ಏರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಎದೆಗೆ ಏರುತ್ತದೆ ಎಂಬ ಮಾತು ಅವನ ತಲೆಗೆ ಏರಿ ಕೂತಿತ್ತು.

ಅಂದಿನಿಂದ ಅವನು ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅವಳ ದಿನದ ನೀರು ಅಳೆದು ತುಂಬಿಸಿಡುತ್ತಿದ್ದ. ಡ್ರೈವಿಂಗ್ ಸ್ಕೂಲಿನಿಂದ ಸಂಜೆ ಮರಳಿದ ಕೂಡಲೇ ಕೈಕಾಲು ತೊಳೆಯುವ ನೆಪದಲ್ಲಿ ಅಡುಗೆಮನೆ ಹೊಕ್ಕು, ಕವುಚಿಟ್ಟ ಲೋಟಗಳ ಒಳಗೆ ಬೆರಳಾಡಿಸಿ ನೋಡುತ್ತಿದ್ದ. ಒಮ್ಮೆ ಒಂದು ಲೋಟ ತೇವವಿತ್ತು. ಅಂದು ಅವನು ಆಡಿದ ಮಾತುಗಳು ನೆರೆಮನೆಯ ಕಿಟಕಿ ಮುಚ್ಚಿಸಿದ್ದವು. ಮಲಗುವ ಹೊತ್ತಿಗೆ ನೆನಪಾಯಿತು, ಆ ಲೋಟದಲ್ಲಿ ಬೆಳಿಗ್ಗೆ ಅವಸರದಲ್ಲಿ ಮಾತ್ರೆ ನುಂಗಿದವನು ತಾನೇ ಎಂದು. ಹೇಳೋಣವೆಂದು ತಿರುಗಿದ, ಅವಳು ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ನಿದ್ದೆ ಮಾಡಿರಬೇಕು, ಎಬ್ಬಿಸುವುದು ಬೇಡ ಎಂದುಕೊಂಡ. ನಿದ್ದೆ ಮಾಡಿಲ್ಲವೆಂದು ಅವನಿಗೆ ಗೊತ್ತಿತ್ತು.

ಈಚೆಗೆ ಅವನನ್ನು ಕೊರೆಯುತ್ತಿದ್ದುದು ಬೇರೆಯದೇ. ಬಾಟಲಿಯಲ್ಲಿ ನೀರು ಉಳಿಯತೊಡಗಿತ್ತು. ಮುಂಚೆ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿದ್ದ ಬಾಟಲಿ ಸಂಜೆಗೆ ಅರ್ಧ ತುಂಬಿರುತ್ತಿತ್ತು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ಇದನ್ನು ಕುಡಿಯುತ್ತಿಲ್ಲ ಎಂದರೆ ಬೇರೆಲ್ಲೋ ಕುಡಿಯುತ್ತಿದ್ದಾಳೆ ಎಂದು ಅವನ ಮನಸ್ಸು ಲೆಕ್ಕ ಹಾಕಿತು. ಅದಕ್ಕೆ ಸಾಕ್ಷಿಗಳೂ ಒಂದೊಂದಾಗಿ ಸಿಕ್ಕವು. ಕೆನ್ನೆ ತುಂಬಿಕೊಂಡಿತ್ತು. ಕೈಗಡಿಯಾರದ ಪಟ್ಟಿಯನ್ನು ಒಂದು ತೂತು ಸಡಿಲಿಸಿದ್ದಳು. ಮಲಗಿದ್ದಾಗ ಅವಳ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳೊತ್ತಿ ನೋಡಿದ. ಊತವಿದ್ದರೆ ಗುಳಿ ಬೀಳಬೇಕು, ಬೀಳಲಿಲ್ಲ. ಅವಳು ಕಣ್ಣು ಬಿಡದೆಯೇ, “ಸಿಕ್ತಾ?” ಎಂದಿದ್ದಳು. ಗುಳಿ ಬೀಳದಿದ್ದುದರಿಂದ ಅವನಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ, ಮೈಯೇ ಅವಳ ಜೊತೆ ಸೇರಿಕೊಂಡು ತನಗೆ ಮೋಸ ಮಾಡುತ್ತಿದೆ ಅನ್ನಿಸಿತು.

“ಆಯ್ತೇನ್ರೀ? ಹೊತ್ತಾಯ್ತು,” ಎಂದಳು ಅವಳು ಹೊರಗಿನಿಂದ. ಅವನು ಬಾಯೊರೆಸಿಕೊಂಡು, ಒರೆಸಿದ ಟವೆಲ್ಲನ್ನು ತೇವ ಕಾಣದ ಹಾಗೆ ಮಡಚಿಟ್ಟು ಬಂದ.

ಆಸ್ಪತ್ರೆಯ ಆ ದೊಡ್ಡ ಕೋಣೆಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಒಂದೊಂದು ಹಾಸಿಗೆಯ ಪಕ್ಕ ಒಂದೊಂದು ಯಂತ್ರ, ಯಂತ್ರದಿಂದ ತೋಳಿಗೆ ಕೆಂಪು ಕೊಳವೆಗಳು, ಕಾಲ ಬಳಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಅಮ್ಮನೋ ಮಗನೋ ಗಂಡನೋ. ಬಾಗಿಲ ಬಳಿ ತೂಕದ ಯಂತ್ರ. ಒಳಗೆ ಬರುವವರು ಚಪ್ಪಲಿ ಬಿಟ್ಟು ಮೊದಲು ಅದರ ಮೇಲೆ ನಿಲ್ಲಬೇಕು. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರಬೇಕಾದ ತೂಕವೊಂದಿರುತ್ತದೆ. ಅಲ್ಲಿನವರು ಅದನ್ನು ಒಣ ತೂಕ ಎನ್ನುತ್ತಾರೆ. ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟೂ ನೀರು, ಅಷ್ಟನ್ನು ಯಂತ್ರ ಹಿಂಡಿ ತೆಗೆಯಬೇಕು. ತೂಕ ಕಡಿಮೆ ಬಂದವರು ಪರೀಕ್ಷೆ ಪಾಸಾದವರ ಹಾಗೆ ಹಾಸಿಗೆಗೆ ಹೋಗುತ್ತಾರೆ. ಅವಳು ನಿಂತಳು. ಅಂಕಿ ಏರಿ, ತೂಗಿ, ನಿಂತಿತು.

“ನಾಲ್ಕು ಹೆಚ್ಚಿದೆಯಲ್ಲಮ್ಮಾ,” ಎಂದಳು ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನೀಷಿಯನ್. ನಡುವಯಸ್ಸಿನ ಆ ಹೆಂಗಸಿನ ದನಿಯೇ ದೊಡ್ಡದು. ಗುಟ್ಟು ಹೇಳಿದರೂ ಕೊನೆಯ ಹಾಸಿಗೆಗೆ ಕೇಳುತ್ತದೆ. “ಒಣ ತೂಕಕ್ಕಿಂತ ನಾಲ್ಕು ಕೆಜಿ! ಏನು ಕುಡಿದ್ರಿ? ಮನೇಲಿ ಯಾರೂ ನೋಡ್ಕೊಳಲ್ವಾ?”

ಕೊನೆಯ ಮಾತು ಅವನಿಗೆ. ಅಥವಾ ಯಾರಿಗೂ ಅಲ್ಲವೇನೋ, ಆಡುವ ಮಾತಿನ ಬಾಲವಾಗಿ ಬಂದದ್ದೇನೋ. ಆದರೆ ಅವನ ಕಿವಿ ಬಿಸಿಯಾಯಿತು. ನೋಡಿಕೊಳ್ಳುವುದಿಲ್ಲವೇ! ಆ ಬಾಟಲಿ, ಆ ಲೋಟಗಳು, ಬೇಯಿಸಿ ನೀರು ಬಸಿದ ತರಕಾರಿ, ಸಪ್ಪೆ ಅನ್ನ, ಬಿಟ್ಟುಬಿಟ್ಟ ಬೆಳಗಿನ ಕ್ಲಾಸುಗಳು. ಸ್ಟೂಲುಗಳ ಮೇಲಿನ ಮುಖಗಳೆಲ್ಲ ತನ್ನ ಕಡೆ ತಿರುಗಿದ ಹಾಗಾಯಿತು.

“ನಾನು ಕುಡಿದಿಲ್ಲ,” ಎಂದಳು ಅವಳು.

“ಹಾಗಾದ್ರೆ ನಾಲ್ಕು ಕೆಜಿ ಆಕಾಶದಿಂದ ಉದುರಿತಾ?” ಎಂದ ಅವನು.

ಯಾರೋ ಕಿಸಕ್ಕೆಂದರು. ಆ ನಗು ಅವನಿಗೆ ಬೆನ್ನು ತಟ್ಟಿದಂತಾಗಿ ಅವನು ಮುಂದುವರಿಸಿದ. “ಬಾಟಲಿಲಿ ನೀರು ಹಾಗೇ ಉಳಿಸಿ ನನ್ನ ಕಣ್ಣಿಗೆ ಮಣ್ಣೆರಚಿದ್ರೆ ತಕ್ಕಡಿ ಕಣ್ಣಿಗೂ ಎರಚೋಕಾಗುತ್ತಾ? ಎಲ್ಲಿ ಕುಡಿದೆ ಹೇಳು. ಪಕ್ಕದ ಮನೇಲಾ?”

ಅವಳು ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ; ಬಸ್ಸಿನಲ್ಲಿ ಅಪರಿಚಿತನೊಬ್ಬ ಜೋರಾಗಿ ಮಾತಾಡಿದರೆ ನೋಡುತ್ತೇವಲ್ಲ, ಹಾಗೆ. ಆಮೇಲೆ ಟೆಕ್ನೀಷಿಯನ್ ಕಡೆ ತಿರುಗಿ, “ನಾಲ್ಕು ತೆಗೀಬೇಡಿ. ಉಬ್ಬಸ ಇಲ್ಲ, ಊತ ಇಲ್ಲ. ಹೋದ ಸಲಾನೂ ಕೊನೇಲಿ ಕಾಲು ಹಿಡ್ಕೊಂಡಿತ್ತು, ಅರ್ಧಕ್ಕೇ ನಿಲ್ಲಿಸಿದ್ರಿ,” ಎಂದಳು.

ಟೆಕ್ನೀಷಿಯನ್ ಪೆನ್ನಿನ ತುದಿಯಿಂದ ಕೆನ್ನೆ ಕೆರೆದುಕೊಂಡಳು. “ಡಾಕ್ಟ್ರಮ್ಮ ರೌಂಡ್ಸಿಗೆ ಬರೋದು ಮಧ್ಯಾಹ್ನ. ಅಲ್ಲೀವರೆಗೆ ಎರಡೂವರೆ ಇಟ್ಕೊಂಡು ನೋಡೋಣ್ವಾ ಮೇಷ್ಟ್ರೇ?”

ಅವನ ಬಳಿ ಕಾರು ಕಲಿತ ಊರಿನ ಅರ್ಧ ಜನ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಇಲ್ಲೂ ಅದೇ ಹೆಸರು ನಿಂತಿತ್ತು. ಮೇಷ್ಟ್ರು ಎಂದು ಕರೆಸಿಕೊಂಡವನು ಗೊತ್ತಿಲ್ಲ ಎನ್ನುವ ಹಾಗಿಲ್ಲ. “ಬರೆದಿರೋ ತೂಕಕ್ಕೆ ಇಳಿಸಬೇಕು ತಾನೇ? ಒಳಗೆ ಬಿಟ್ಟು ನೀರು ಎದೆಗೆ ಏರಿದ್ರೆ ನೀವು ಬರ್ತೀರಾ ಮನೆಗೆ?” ಎಂದ. ಟೆಕ್ನೀಷಿಯನ್ ನಿಟ್ಟುಸಿರು ಬಿಟ್ಟು, “ಮೂರೂವರೆ. ಅದಕ್ಕಿಂತ ಹೆಚ್ಚು ನಾನು ಇಡಲ್ಲ,” ಎಂದು ಯಂತ್ರದ ಗುಂಡಿ ಒತ್ತಿದಳು. ಹೆಂಡತಿ ಎಡತೋಳು ಚಾಚಿ, ಸೂಜಿ ಚುಚ್ಚುವಾಗ ಎಂದಿನಂತೆ ಚಾವಣಿ ನೋಡಿ, ಚುಚ್ಚಿದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. “ನಿಮ್ಮಿಷ್ಟ,” ಎಂದಳು. ಗೋಡೆಗೆ ಹೇಳಿದ ಹಾಗಿತ್ತು.

ಪಕ್ಕದ ಹಾಸಿಗೆಯಲ್ಲಿ ಅಂಚೆಯಣ್ಣ. ನಿವೃತ್ತ ಪೋಸ್ಟ್‌ಮನ್, ಅವನ ಸ್ಟೂಲಿನ ಮೇಲೆ ಯಾವತ್ತೂ ಅವನ ಟೋಪಿಯೊಂದೇ ಕೂತಿರುತ್ತದೆ. “ಮೇಷ್ಟ್ರೇ, ನೀವು ಪುಣ್ಯವಂತರು,” ಎಂದ ಅವನು ಮೆತ್ತಗೆ. “ನಿಮ್ಮನೇಲಿ ಪೊಲೀಸು ಒಬ್ಬರು, ಕಳ್ಳರು ಒಬ್ಬರು. ನಮ್ಮನೇಲಿ ಎರಡೂ ನಾನೇ. ಹಗಲೆಲ್ಲಾ ನನ್ನನ್ನ ನಾನೇ ಅಟ್ಟಿಸ್ಕೊಂಡು ಓಡ್ತಿರ್ತೀನಿ.” ಇವನು ನಗಲೆಂದು ಅಂಚೆಯಣ್ಣ ಕಾದ. ಇವನು ನಗಲಿಲ್ಲ. ಅಂಚೆಯಣ್ಣ ದನಿ ಇನ್ನೂ ತಗ್ಗಿಸಿದ. “ಆದ್ರೂ ಒಂದು ಮಾತು. ಕಳ್ಳತನ ಮಾಡಿದೋಳ ಮುಖ ಅಲ್ಲ ಅದು. ನನಗೆ ಆ ಮುಖ ಚೆನ್ನಾಗಿ ಗೊತ್ತು, ದಿನಾ ಕನ್ನಡೀಲಿ ನೋಡ್ತೀನಿ.”

ಇವರಿಗೆಲ್ಲ ಏನು ಗೊತ್ತು. ಅವನು ಸ್ಟೂಲಿನ ಮೇಲೆ ಕೂತ. ಬಲಗಾಲು ತಾನಾಗಿ ನೆಲ ಒತ್ತತೊಡಗಿತು. ಕಲಿಯುವವರ ಪಕ್ಕ ಕೂತು ತನ್ನ ಕಡೆಯ ಬ್ರೇಕು ಒತ್ತಿ ಒತ್ತಿ ಆ ಕಾಲಿಗೆ ಬಂದ ಅಭ್ಯಾಸ ಅದು. ಬಸ್ಸಿನಲ್ಲಿ ಕೂತರೂ ಒತ್ತುತ್ತದೆ, ಊಟಕ್ಕೆ ಕೂತರೂ ಒತ್ತುತ್ತದೆ. ಯಂತ್ರದ ಚಕ್ರ ತಿರುಗುತ್ತಿತ್ತು. ಕೊಳವೆಯಲ್ಲಿ ಅವಳ ರಕ್ತ ಹೋಗಿ ಬಂದು ಮಾಡುತ್ತಿತ್ತು. ಅವಳು ಯಂತ್ರಕ್ಕೆ ಬರತೊಡಗಿದ ಹೊಸತರಲ್ಲಿ ಒಂದು ಮಧ್ಯಾಹ್ನ ಅವನು ನಾಟಕಮಂದಿರದ ಹಿಂಬದಿಯ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಅವಳ ಕತ್ತರಿ, ಬಟ್ಟೆಯಲ್ಲಿ ಸುತ್ತಿದ್ದು. ನಟರಿಗೆ ಉಡುಪು ಹೊಲಿಯುವ ಆ ಕೋಣೆಯಲ್ಲಿ ಅವಳು ಬಟ್ಟೆ ಕತ್ತರಿಸುವವಳು. ಅವಳು ಗೆರೆ ಎಳೆಯದೆ ಕತ್ತರಿಸಿದರೂ ತೋಳು ತೋಳಿಗೆ ಸರಿಯಾಗಿ ಕೂರುತ್ತದೆ ಎಂಬ ಹೆಸರು. ಒಳಗಿನ ಹೆಂಗಸರೆಲ್ಲ ದೊಡ್ಡಕ್ಕ ಎಂದು ಕರೆಯುವ ಯಜಮಾನಿ ಹೊರಬಂದು, “ಹೇಗಿದ್ದಾಳೆ?” ಎಂದಿದ್ದಳು. “ಇನ್ಮೇಲೆ ಬರಲ್ಲ. ಅವಳಿಗೆ ಆಗಲ್ಲ,” ಎಂದು ಕತ್ತರಿ ಕೊಟ್ಟು ಬಂದಿದ್ದ. ಮನೆಗೆ ಬಂದು ಹೇಳಿದಾಗ ಅವಳು, “ನನ್ನನ್ನ ಕೇಳಬಹುದಿತ್ತು,” ಎಂದಿದ್ದಳು. “ನಿನ್ನ ಒಳ್ಳೇದಕ್ಕೇ ಅಲ್ವಾ,” ಎಂದಿದ್ದ ಅವನು. ಅವಳಿಗೆ ಅಂದು ಮೈಯಲ್ಲಿ ಶಕ್ತಿಯಿರಲಿಲ್ಲ, ಜಗಳಕ್ಕೂ. ಗೆದ್ದೆ ಎಂದುಕೊಂಡಿದ್ದನೇ ಆಗ? ಛೆ, ಅದೆಂಥ ಯೋಚನೆ. ಆದರೆ ಯೋಚನೆ ಬಂದದ್ದು ಹೌದು, ಬಂದು ಸ್ಟೂಲಿನ ಪಕ್ಕ ನಿಂತದ್ದೂ ಹೌದು.

ಕೂರಲಾರದೆ ಎದ್ದು ಆಸ್ಪತ್ರೆಯ ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದ. ಇನ್ನೊಂದು ಕುಡಿದ. ಆಮೇಲೆ ಒಂದು ಲೋಟ ನೀರು. ಬೀದಿಯಲ್ಲಿ ಜನ ಬಾಟಲಿ ಎತ್ತಿ ಗಟಗಟನೆ ಕುಡಿಯುತ್ತ ನಡೆಯುತ್ತಿದ್ದರು. ಒಬ್ಬಾಕೆ ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದಳು. ಇವರ ನೀರೆಲ್ಲ ಎಲ್ಲಿ ಹೋಗುತ್ತದೆ ಎಂದು ಇವರು ಒಮ್ಮೆಯಾದರೂ ಯೋಚಿಸಿದ್ದಾರೆಯೇ. ಕಳೆದ ವಾರ ಕಾರು ಕಲಿಯಲು ಬರುವ ಮಾಂಸದಂಗಡಿಯ ದಢೂತಿ ಆಸಾಮಿ ನಡುರಸ್ತೆಯಲ್ಲಿ ಸ್ಟಿಯರಿಂಗ್ ಬಿಟ್ಟು ಕೈಮುಗಿದಿದ್ದ: “ಮೇಷ್ಟ್ರೇ, ರಸ್ತೇಲಿ ಒಂದು ನರಪಿಳ್ಳೆ ಇಲ್ಲ. ನೀವ್ಯಾಕೆ ಬ್ರೇಕ್ ಒತ್ತಿದ್ರಿ?” ಯಾಕೆ ಒತ್ತಿದೆ ಎಂದು ಅವನಿಗೂ ತಿಳಿದಿರಲಿಲ್ಲ. ಅವಳು ಮನೆಯಲ್ಲಿ ಒಬ್ಬಳೇ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಿದ್ದ ಅಷ್ಟೇ.

ಹಿಂತಿರುಗಿದಾಗ ಅವಳು ಆಕಳಿಸುತ್ತಿದ್ದಳು. ಒಂದರ ಹಿಂದೆ ಒಂದು, ಬಾಯಿ ಮುಚ್ಚಲೂ ಬಿಡುವಿಲ್ಲದ ಆಕಳಿಕೆ. ನಿದ್ದೆ ಬರುತ್ತಿದೆ, ಒಳ್ಳೆಯದೇ ಎಂದುಕೊಂಡ. ಮುಖ ಸುಣ್ಣದಂತಾಗಿತ್ತು. “ಏನಾಗ್ತಿದೆ?” ಎಂದು ಅವನು ಬಗ್ಗುವಷ್ಟರಲ್ಲಿ ಅವಳ ಬಾಯಿಂದ ಒಂದು ಸದ್ದು ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಕೇಳಿರದ ಸದ್ದು. ಬಲಗಾಲು ಚಾದರದೊಳಗೆ ತಾನೇ ತಾನಾಗಿ ತಿರುಚಿಕೊಂಡಿತು. ಯಂತ್ರ ಕೂಗಿತು. ಟೆಕ್ನೀಷಿಯನ್ ಓಡಿ ಬಂದು ನೀರು ತೆಗೆಯುವುದನ್ನು ನಿಲ್ಲಿಸಿದಳು, ಹಾಸಿಗೆಯ ತಲೆಭಾಗ ಇಳಿಸಿ ಕಾಲಿನ ಭಾಗ ಎತ್ತಿದಳು, ಉಪ್ಪುನೀರಿನ ಚೀಲವನ್ನು ಕೊಳವೆಗೆ ಬಿಟ್ಟಳು. “ಬಿಪಿ ಬಿದ್ದಿದೆ. ಮೇಷ್ಟ್ರೇ, ನಿಂತ್ಕೊಂಡು ನೋಡ್ಬೇಡಿ, ಪಾದ ಹಿಡೀರಿ! ಬೆರಳು ಮೇಲಕ್ಕೆ ಒತ್ತಿ, ಮೊಣಕಾಲಿನ ಕಡೆಗೆ!”

ಅವನು ಪಾದ ಹಿಡಿದು ಒತ್ತಿದ. ಇನ್ನೊಂದು ಕೈ ಅವಳ ಮೀನಖಂಡದ ಮೇಲಿತ್ತು. ಅದು ಕಲ್ಲಾಗಿತ್ತು. ದಿನಾ ರಾತ್ರಿ ಹೆಬ್ಬೆರಳೊತ್ತಿ ನೀರು ಹುಡುಕುತ್ತಿದ್ದ ಕಾಲಿನಲ್ಲಿ ಈಗ ಕೈತುಂಬ ಸಿಕ್ಕಿದ್ದು ಮಾಂಸಖಂಡ, ಗಟ್ಟಿಯಾದ, ಜೀವ ಹಿಡಿದ ಖಂಡ. ಇದು ಯಾವಾಗ ಬಂತು? ಆಸ್ಪತ್ರೆಗೆ ಬರತೊಡಗಿದ ದಿನಗಳಲ್ಲಿ ಈ ಕಾಲು ಕೋಲಿನ ಹಾಗಿತ್ತಲ್ಲ. “ಬಿಡ್ಬೇಡಿ, ಬಿಡ್ಬೇಡಿ,” ಎನ್ನುತ್ತಿದ್ದಳು ಅವಳು ಹಲ್ಲು ಕಚ್ಚಿಕೊಂಡು. ಅವನ ಬಲಗಾಲು ನೆಲ ಒತ್ತುತ್ತಲೇ ಇತ್ತು, ಆದರೆ ಇದನ್ನು ನಿಲ್ಲಿಸುವಂಥದ್ದು ಯಾವುದೂ ಅವನ ಕಾಲಡಿ ಇರಲಿಲ್ಲ. ಅಂಚೆಯಣ್ಣ ತನ್ನ ಸೂಜಿ ಚುಚ್ಚಿದ ಕೈ ಅಲ್ಲಾಡಿಸಲಾಗದೆ ಇನ್ನೊಂದು ಕೈಯನ್ನು ಇವಳ ಹಾಸಿಗೆಯತ್ತ ಚಾಚಿ, ಮುಟ್ಟಲು ಎಟುಕದೆ ಹಾಗೇ ಹಿಡಿದುಕೊಂಡಿದ್ದ.

ಡಾಕ್ಟರಮ್ಮ ಬರುವ ಹೊತ್ತಿಗೆ ಕಾಲು ಸಡಿಲಾಗಿತ್ತು, ಅವಳ ತುಟಿಗೆ ಬಣ್ಣ ಬಂದಿತ್ತು. ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಎದೆಯ ಮೇಲೆ, ಬೆನ್ನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಕಾಲು ಒತ್ತಿದರು, ಅವನು ಒತ್ತುವ ಜಾಗದಲ್ಲೇ. ಕತ್ತಿನ ನರ ನೋಡಿದರು. ಕೆಲವು ವಾರಗಳ ರಕ್ತದೊತ್ತಡವನ್ನು ಬೆರಳು ಓಡಿಸಿ ಓದಿದರು.

“ಊಟ ಹೇಗೆ ಸೇರ್ತಿದೆಯಮ್ಮಾ?”

“ಚೆನ್ನಾಗಿ ಸೇರ್ತಿದೆ.”

“ಎಷ್ಟು ದಿನದಿಂದ?”

“ಎರಡು ತಿಂಗಳು ಆಗ್ತಾ ಬಂತು.” ಅವಳು ಗಂಡನ ಕಡೆ ನೋಡಲಿಲ್ಲ. “ಮಧ್ಯಾಹ್ನ ಎರಡು ಮೊಟ್ಟೆ ತಿಂತೀನಿ, ಬಿಳಿ ಭಾಗ. ಒಮ್ಮೊಮ್ಮೆ ಮೀನು. ನೀವೇ ಹೇಳಿದ್ರಲ್ಲ, ಯಂತ್ರಕ್ಕೆ ಬಂದ ಮೇಲೆ ಮುಂಚಿನ ಪಥ್ಯ ಅಲ್ಲ, ಈಗ ಮೈಗೆ ಹಿಡಿಯೋ ಊಟ ಬೇಕು ಅಂತ.”

“ನಮ್ಮನೇಲಿ ಮೊಟ್ಟೆ ತರೋದೇ ಇಲ್ಲ,” ಎಂದ ಅವನು. ಬಾಯಿಂದ ಬಿದ್ದಮೇಲೆ ಅದೆಷ್ಟು ಪೆದ್ದು ಮಾತೆಂದು ತಿಳಿಯಿತು. ಹಾಗೆ ಹೇಳಿದ್ದರೇ ಡಾಕ್ಟರಮ್ಮ? ಹೇಳಿದ್ದರು. ಇದೇ ಕೋಣೆಯಲ್ಲಿ, ಇವನ ಎದುರಿಗೇ. ಆದರೆ ಅದಕ್ಕೂ ಮುಂಚೆ, ಯಂತ್ರ ಬೇಡದಿದ್ದ ಕಾಲದಲ್ಲಿ ‘ಕಡಿಮೆ ತಿನ್ನಿ’ ಎಂದಿದ್ದನ್ನು ಅವನ ಭಯ ಗಟ್ಟಿಯಾಗಿ ಹಿಡಿದುಕೊಂಡಿತ್ತು. ‘ಚೆನ್ನಾಗಿ ತಿನ್ನಿ’ ಎಂಬುದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು.

“ಎಲ್ಲಿ ತಿಂತಾರೋ ತಿನ್ನಲಿ. ತಿಂದಿದ್ದಾರೆ, ಮೈಗೆ ಹಿಡಿದಿದೆ,” ಎಂದರು ಡಾಕ್ಟರಮ್ಮ. “ಇವರು ನೀರು ಕುಡಿದು ಉಬ್ಬಿಲ್ಲ, ಊಟ ಮಾಡಿ ತುಂಬ್ಕೊಂಡಿದ್ದಾರೆ. ಆ ನಾಲ್ಕರಲ್ಲಿ ಎರಡಕ್ಕೂ ಹೆಚ್ಚು ಇವರ ಸ್ವಂತ ಆಸ್ತಿ. ಅದನ್ನ ನೀರು ಅಂದ್ಕೊಂಡು ಹಿಂಡೋಕೆ ಹೋಗಿದ್ದೀವಿ ಇವತ್ತು. ಒಣ ತೂಕ ನಾನು ಯಾವಾಗಲೋ ಏರಿಸ್ಬೇಕಿತ್ತು. ನನ್ನದೂ ತಪ್ಪಿದೆ.” ಆಮೇಲೆ ಅವನನ್ನು ನೋಡಿ, “ಇದು ಒಳ್ಳೆ ಸುದ್ದಿ ಮೇಷ್ಟ್ರೇ. ಮುಖ ಹಾಗ್ಯಾಕೆ ಮಾಡ್ಕೊಂಡಿದ್ದೀರಿ?” ಎಂದರು.

ಒಳ್ಳೆಯ ಸುದ್ದಿ. ಅವನು ತಲೆಯಾಡಿಸಿದ. ಬೆಳಿಗ್ಗೆ ನಕ್ಕ ಮುಖ ಯಾವುದಿರಬಹುದೆಂದು ಹುಡುಕಿದ. ಎಲ್ಲರೂ ತಂತಮ್ಮ ಹಾಸಿಗೆಗಳನ್ನು ನೋಡಿಕೊಳ್ಳುತ್ತಿದ್ದರು. ಆಕಾಶದಿಂದ ಉದುರಿತಾ ಎಂದಿದ್ದನಲ್ಲ ತಾನು. ಕೋಣೆಯ ತುಂಬ ಜನರೆದುರು ಜೋರಾಗಿ ಕಳ್ಳಿ ಎಂದವನು, ಅಲ್ಲ ಎಂಬುದನ್ನೂ ಅಷ್ಟೇ ಜೋರಾಗಿ ಹೇಳಬೇಕಲ್ಲವೇ. ಗಂಟಲು ಸರಿಮಾಡಿಕೊಂಡ. “ಅವಳು ಕುಡಿದಿರಲಿಲ್ಲ,” ಎಂದ. ಟೆಕ್ನೀಷಿಯನ್ ಚೀಲ ಬದಲಿಸುತ್ತ, “ಗೊತ್ತಾಯ್ತು ಬಿಡಿ,” ಎಂದಳು. ಬೇರೆ ಯಾರಿಗೂ ಅದು ಕೇಳಿಸಿದಂತೆ ಕಾಣಲಿಲ್ಲ.

ಮನೆಗೆ ಬರುವಾಗ ಅವಳು ಆಟೋದ ಆ ಮೂಲೆ, ಅವನು ಈ ಮೂಲೆ. ನಡುವೆ ಅವಳ ಚೀಲ. ಗಾಳಿಗೆ ಅವಳ ಕೂದಲು ಹಾರಿ ಅವನ ಭುಜ ತಾಗುತ್ತಿತ್ತು. ಸರಿಸಿಕೊಂಡರೆ ತಪ್ಪು, ಸರಿಸದಿದ್ದರೆ ಅದೂ ತಪ್ಪು ಅನ್ನಿಸಿ ಅವನು ಮರದ ಹಾಗೆ ಕೂತ. ಮನೆಯೊಳಗೆ ಕಾಲಿಟ್ಟ ಮೇಲೆ, ಬಾಗಿಲ ಅಗುಳಿ ಹಾಕುತ್ತ, ಬೆನ್ನು ತಿರುಗಿಸಿದ್ದಾಗಲೇ ಹೇಳಿಬಿಟ್ಟರೆ ಸುಲಭವೆಂದು, “ಬೆಳಿಗ್ಗೆ ನಾನು ಹಾಗೆ ಅಂದದ್ದು…” ಎಂದು ಶುರುಮಾಡಿದ.

“ಹೊಟ್ಟೆ ಹಸೀತಿದೆ,” ಎಂದಳು ಅವಳು. “ಮೊದಲು ಊಟ. ನಿಮ್ಮ ಮಾತು ಹಳಸಲ್ಲ, ಅನ್ನ ಹಳಸುತ್ತೆ.”

ಅವನು ಬಡಿಸಿದ. ಅವಳು ದಿಂಬಿಗೊರಗಿ ಕೂತು ನಿಧಾನವಾಗಿ ತಿಂದಳು. ತಿನ್ನುವುದನ್ನು ಅವನು ಎಷ್ಟೋ ತಿಂಗಳಿಂದ ನೋಡುತ್ತಲೇ ಇದ್ದ. ಏನು ತಿನ್ನುತ್ತಾಳೆ ಎಂದು ನೋಡಿದ್ದನೇ ಹೊರತು ಹೇಗೆ ತಿನ್ನುತ್ತಾಳೆ ಎಂದಲ್ಲ. ತುತ್ತನ್ನು ಅಂಗೈಗೆ ತಾಗಿಸದೆ ಬೆರಳ ತುದಿಯಲ್ಲೇ ಕಟ್ಟುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇದನ್ನು ನೋಡಿ ಅವನು ಅಣಕಿಸುತ್ತಿದ್ದ.

“ಎಲ್ಲಿ ತಿಂತಿದ್ದೆ ಮೊಟ್ಟೇನ?”

“ದೊಡ್ಡಕ್ಕನ ಹತ್ರ. ಕೆಲಸಕ್ಕೆ ಹೋಗ್ತಿದ್ದೀನಿ. ಯಂತ್ರ ಇಲ್ಲದ ದಿನ, ಮಧ್ಯಾಹ್ನ, ನೀವು ಕ್ಲಾಸಿಗೆ ಹೋದ ಮೇಲೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬಿಡ್ತಿದ್ರಾ?”

“ಬಿಡ್ತಿದ್ದೆ.”

ಅವಳಿಗೆ ನಗು ಬಂತು. ಬಾಯಲ್ಲಿ ಅನ್ನವಿತ್ತು, ಕೈ ಅಡ್ಡ ಹಿಡಿದು ನಕ್ಕಳು. ಅವನಿಗೂ ನಗಬೇಕೆನಿಸಿತು, ಬರಲಿಲ್ಲ. ನಗು ಇಳಿದ ಮೇಲೆ ಅವಳು ತಟ್ಟೆ ನೋಡುತ್ತ ಮಾತಾಡಿದಳು. ಮನೆಯಲ್ಲಿ ಒಬ್ಬಳೇ ಕೂತಿದ್ದಾಗ ಆ ಬಾಟಲಿಯನ್ನೇ ನೋಡುತ್ತ ಕೂತಿರುತ್ತಿದ್ದಳಂತೆ; ಈಗ ಒಂದು ಗುಟುಕು, ಇನ್ನು ಸ್ವಲ್ಪ ಹೊತ್ತಿಗೆ ಒಂದು ಗುಟುಕು. “ಅಲ್ಲಿ ಕತ್ತರಿ ಹಿಡಿದ್ರೆ ಬಾಯಾರಿಕೆ ಅನ್ನೋದೇ ನೆನಪಿರಲ್ಲ ರೀ. ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗೀತೀನಿ, ಒಂದು ಚೂರು ಐಸು ಚೀಪ್ತೀನಿ. ಸಂಜೆಗೆ ಬಾಟಲಿ ನೋಡಿದ್ರೆ ಅರ್ಧ ಇರುತ್ತೆ. ನಿಮಗೆ ತೋರಿಸ್ಬೇಕು ಅಂತ ಎಷ್ಟು ಆಸೆ ಆಗ್ತಿತ್ತು ಗೊತ್ತಾ?” ಅವಳು ತಟ್ಟೆಯ ಅಂಚಿನ ಅಗುಳೊಂದನ್ನು ಒಳಗೆ ತಳ್ಳಿದಳು. “ಲೋಟಗಳನ್ನ ಮುಟ್ಟಿ ನೋಡ್ತೀರಲ್ಲ ನೀವು. ನಾನು ಎಲ್ಲಾ ಒರೆಸಿಡ್ತಿದ್ದೆ. ಕುಡಿದಿಲ್ಲ, ಆದ್ರೂ ಒರೆಸಿಡ್ತಿದ್ದೆ. ಒರೆಸ್ತಾ ಒರೆಸ್ತಾ ನಾನು ನಿಜವಾಗ್ಲೂ ಕದ್ದಿದ್ದೀನೇನೋ ಅನ್ಸೋದು.”

ಅವನು ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದ.

“ಇನ್ನೊಂದು. ಬಚ್ಚಲಲ್ಲಿ ನೀರು ಕುಡೀಬೇಡಿ. ಆ ನಲ್ಲಿ ನೀರು ಅಷ್ಟು ಚೆನ್ನಾಗಿಲ್ಲ. ನನ್ನ ಮುಂದೇನೇ ಕುಡೀರಿ, ನನಗೇನೂ ಆಗಲ್ಲ. ನೀವು ಕದ್ದು ಕುಡಿದ್ರೇನೇ ನನಗೆ ಬಾಯಾರಿಕೆ ಆಗೋದು.”

ಮರುದಿನ ಮಧ್ಯಾಹ್ನ ಅವನೇ ಅವಳನ್ನು ಕರೆದುಕೊಂಡು ಹೋದ. ಅವಳು ಬೇಡವೆಂದಳು, ಬಸ್ಸಿದೆ ಎಂದಳು. ನಿನ್ನೆ ತಾನೆ ಬಿಪಿ ಬಿದ್ದಿದೆ ಎಂದ. ಈ ಒಂದು ದಿನ ಎಂದು ಒಪ್ಪಿದಳು. ನಾಟಕಮಂದಿರದ ಹಿಂಬದಿಯ ಕಿರುದಾರಿ, ಕಬ್ಬಿಣದ ಮೆಟ್ಟಿಲು, ಬಾಗಿಲು ತೆರೆದರೆ ಇಸ್ತ್ರಿಯ ಹಬೆ, ಹೊಸ ಬಟ್ಟೆಯ ಗಂಜಿ ವಾಸನೆ. ಹೊಲಿಗೆ ಯಂತ್ರಗಳ ಮುಂದೆ ಇಬ್ಬರು ಹೆಂಗಸರು, ನಡುವೆ ಉದ್ದನೆಯ ಮೇಜು, ಮೇಜಿನಾಚೆ ದೊಡ್ಡಕ್ಕ, ಕನ್ನಡಕ ಮೂಗಿನ ತುದಿಯಲ್ಲಿ. ಅವನನ್ನು ಕಂಡು ಯಂತ್ರಗಳು ನಿಂತವು. ಹೆಂಡತಿ ಚೀಲ ಮೊಳೆಗೆ ಸಿಕ್ಕಿಸಿದಳು. ಯಾವ ಮೊಳೆ ಎಂದು ನೋಡಬೇಕಾಗಿರಲಿಲ್ಲ ಅವಳಿಗೆ. ಎಡತೋಳಿಗೆ ಭಾರ ಬೀಳದ ಹಾಗೆ ಬಟ್ಟೆಯ ಉರುಳೆಯನ್ನು ಒಬ್ಬಾಕೆ ಎತ್ತಿ ಅವಳೆದುರು ಬಿಚ್ಚಿಕೊಟ್ಟಳು, ಕೇಳದೆಯೇ, ದಿನಾ ಮಾಡುವ ಹಾಗೆ. ಅಷ್ಟೂ ಇಲ್ಲಿ ಏರ್ಪಾಡಾಗಿತ್ತು, ಅವನಿಲ್ಲದೆ.

“ಬಿಟ್ಟಾಯ್ತಲ್ಲ, ಹೊರಡಿ,” ಎಂದಳು ಅವಳು. “ಸಂಜೆ ನಾನೇ ಬರ್ತೀನಿ.”

“ನಾನೆಲ್ಲಿಗೆ ಹೋಗ್ಲಿ?”

“ಅಯ್ಯೋ, ನನಗೇನು ಗೊತ್ತು? ಮುಂಚೆ ಎಲ್ಲಿಗೆ ಹೋಗ್ತಿದ್ರಿ?”

ಬೀದಿಗೆ ಬಂದ. ಆ ದಿನದ ಕ್ಲಾಸುಗಳನ್ನು ಬೆಳಿಗ್ಗೆಯೇ ರದ್ದು ಮಾಡಿದ್ದ. ಮುಂಚೆ ಎಲ್ಲಿಗೆ ಹೋಗುತ್ತಿದ್ದೆ? ಒಬ್ಬ ಗೆಳೆಯನಿದ್ದ, ಗ್ಯಾರೇಜಿನವನು. ಅವನ ಅಂಗಡಿಯ ಮುಂದೆ ಟೈರಿನ ಮೇಲೆ ಕೂತು ಗಂಟೆಗಟ್ಟಲೆ ಹರಟೆ. ಅವನ ತಂದೆ ತೀರಿಕೊಂಡಾಗ ಆಸ್ಪತ್ರೆಯ ದಿನವೆಂದು ಹೋಗಲಿಲ್ಲ. ಆಮೇಲೆ ಹೋಗದ ನಾಚಿಕೆಗೆ ಹೋಗಲಿಲ್ಲ. ಬಲಕ್ಕೆ ನಡೆದ, ನಿಂತ, ಎಡಕ್ಕೆ ತಿರುಗಿದ. ಔಷಧಿ ಅಂಗಡಿಯ ಗಾಜಿನಲ್ಲಿ ಒಬ್ಬ ಮನುಷ್ಯ ಎದುರಾದ, ಕಾಲರಿನೊಳಗೆ ಕತ್ತು ಅಳ್ಳಾಡುತ್ತಿದ್ದವನು. ದಾರಿ ಬಿಡಲು ಹೋಗಿ ತಾನೇ ಎಂದು ತಿಳಿಯಿತು. ಊಟದ ಜೊತೆ ನುಂಗಬೇಕಾದ ಮಾತ್ರೆ ಅವಳು ಮರೆತಿದ್ದರೆ? ಮರೆತಿರಬಹುದು. ಮರೆತೇ ಇದ್ದಾಳೆ. ಆ ಯೋಚನೆ ಸಿಕ್ಕಿದ್ದೇ ತಡ ಅವನ ಕಾಲಿಗೆ ದಾರಿ ಸಿಕ್ಕಿತು. ಕಿರುದಾರಿ, ಕಬ್ಬಿಣದ ಮೆಟ್ಟಿಲು, ಬಾಗಿಲು.

“ಮಾತ್ರೆ…” ಎಂದ ಏದುಸಿರಿನಲ್ಲಿ.

ಅವಳು ತಲೆಯೆತ್ತದೆ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿ ತೋರಿಸಿದಳು. ಹೊಲಿಯುತ್ತಿದ್ದ ಹೆಂಗಸರು ನಕ್ಕರು, ಕೆಟ್ಟ ನಗುವಲ್ಲ. ಅವನು ಬಾಗಿಲಲ್ಲೇ ನಿಂತ. ಒಳಗೆ ಬಂದರೆ ಅಧಿಕಪ್ರಸಂಗ, ಹೋಗೋಣವೆಂದರೆ ಮತ್ತೆ ಅದೇ ಬೀದಿ. ಇದೇ ಹೊಸ್ತಿಲಲ್ಲಿ ಅಂದು ಕತ್ತರಿ ಕೊಟ್ಟು ಹೋಗಿದ್ದ; ದೊಡ್ಡಕ್ಕನಿಗೆ ಅದು ನೆನಪಿರಲಾರದೇ? ದೊಡ್ಡಕ್ಕ ಕನ್ನಡಕದ ಮೇಲಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮೇಷ್ಟ್ರೇ, ಹೇಗೂ ನಿಂತಿದ್ದೀರಿ, ಒಂದು ಉಪಕಾರ ಮಾಡಿ. ನಾಟಕದ ನ್ಯಾಯಾಧೀಶನ ಕೋಟು ಇವತ್ತು ಕತ್ತರಿಸಬೇಕು, ಆ ಪಾತ್ರದೋನು ಕೈಗೇ ಸಿಗ್ತಿಲ್ಲ. ಅವನೂ ನಿಮ್ಮ ಹಾಗೇ ಎತ್ತರ, ನಿಮ್ಮದೇ ಮೈಕಟ್ಟು. ಬನ್ನಿ ಒಳಗೆ. ಏ, ತಗೊಳೇ ನಿನ್ನ ಗಂಡನ ಅಳತೆ.”

“ಅವರ ಅಳತೆ ತಗೋಬೇಕಾಗಿಲ್ಲ ದೊಡ್ಡಕ್ಕಾ, ನನಗೆ ಬಾಯಿಪಾಠ,” ಎಂದಳು ಅವಳು. ಆದರೂ ಟೇಪು ತೆಗೆದುಕೊಂಡು ಬಂದಳು. ಅವನು ಮೇಜಿನ ಪಕ್ಕ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿ, ಒಮ್ಮೆ ಇಳಿಬಿಟ್ಟ. “ಸ್ವಲ್ಪ ಸುಮ್ನೆ ನಿಲ್ರೀ, ನೆಲ ಓಡಿಹೋಗಲ್ಲ,” ಎಂದಳು. ಭುಜದಿಂದ ಭುಜಕ್ಕೆ ಟೇಪು ಹಿಡಿದಳು. ತೋಳು ಎತ್ತಿಸಿ ಎದೆಗೆ ಸುತ್ತಿದಳು. ಅವಳ ಹಣೆ ಅವನ ಗಲ್ಲದ ಹತ್ತಿರ ಬಂತು, ಎಣ್ಣೆಯ ವಾಸನೆ, ಆಸ್ಪತ್ರೆಯ ಪಟ್ಟಿಯ ವಾಸನೆ. ಎಷ್ಟೋ ಕಾಲದಿಂದ ಅವನೇ ಅವಳನ್ನು ಮುಟ್ಟಿ ನೋಡುತ್ತ ಬಂದಿದ್ದ. ಅವಳ ಕೈ ತನ್ನ ಮೈಮೇಲೆ ಹೀಗೆ ಸುತ್ತುವರಿದು ಎಷ್ಟು ದಿನವಾಗಿತ್ತೋ.

ಅವಳು ಟೇಪಿನ ಅಂಕಿ ನೋಡಿದಳು. ಬೆರಳು ಸರಿಸಿ ಮತ್ತೆ ನೋಡಿದಳು. ಅಂಗಿಯ ಬಟ್ಟೆಯನ್ನು ಪಕ್ಕೆಯ ಬಳಿ ಚಿವುಟಿ ಹಿಡಿದಳು. ಒಂದು ಹಿಡಿಯಷ್ಟು ಬಟ್ಟೆ ಬೆರಳಿಗೆ ಬಂತು. ಅದರ ಕೆಳಗೆ ಪಕ್ಕೆಲುಬುಗಳು. ಅವಳು ತಲೆಯೆತ್ತಿದಾಗ ಅವಳ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ನಿನ್ನೆ ಕಾಲು ತಿರುಚಿಕೊಂಡಾಗಲೂ ಅವನು ಅದನ್ನು ಕಂಡಿರಲಿಲ್ಲ.

“ಇಷ್ಟು ಇಳಿದಿದ್ದೀರಾ?” ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. “ನೀವು ಮಧ್ಯಾಹ್ನ ಊಟ ಮಾಡ್ತಿದ್ರಿ ತಾನೇ?”

ಅವನಿಗೆ ಯಾವ ಮಧ್ಯಾಹ್ನವೂ ನೆನಪಿಗೆ ಬರಲಿಲ್ಲ.

“ಅಂಗಿ ಸಡಿಲಾಗಿದೆ ಅಂತ ಕಾಣ್ತಿತ್ತು. ನಾನೂ ನೋಡ್ಲಿಲ್ಲ,” ಎಂದಳು ಅವಳು. ಆಮೇಲೆ, ಕೆಲಸದ ದನಿಯಲ್ಲಿ, “ಉಸಿರು ಹಿಡ್ಕೊಂಡಿದ್ದೀರಿ. ಅಳತೆ ತಪ್ಪುತ್ತೆ. ಬಿಡಿ.”

ಹಿಡಿದುಕೊಂಡದ್ದು ಅವನಿಗೆ ಗೊತ್ತೇ ಇರಲಿಲ್ಲ. ಬಿಟ್ಟ. ಒಳಗೆ ಉಸಿರು ಇನ್ನೂ ಉಳಿದಿತ್ತು, ಬಿಡುತ್ತಲೇ ಹೋದ. ಅದು ನಡುಗುತ್ತ ಹೊರಬಿತ್ತು, ಹೊಲಿಗೆಯವರಿಗೆ ಕೇಳಿಸಿತೇನೋ, ಕೇಳಿಸಲಿ. ಟೇಪು ಎದೆಯ ಮೇಲೆ ಸಡಿಲಾಯಿತು. ಅವಳು ಅದನ್ನು ಬಿಗಿಯಲಿಲ್ಲ, ತೆಗೆಯಲೂ ಇಲ್ಲ, ಎರಡು ತುದಿಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ನಿಂತಳು.

“ಎದೆ ಎಷ್ಟೇ?” ಎಂದು ಮೇಜಿನಾಚೆಯಿಂದ ದೊಡ್ಡಕ್ಕ ಕೇಳಿದಳು, ಬಳಪ ಹಿಡಿದು.

“ತಾಳಿ ದೊಡ್ಡಕ್ಕಾ,” ಎಂದಳು ಅವಳು. “ಇನ್ನೊಂದು ಸಲ ನೋಡ್ತೀನಿ.”